ಇಬೆಲಿನ್ ಇನ್ನಿಲ್ಲ ಎಂಬ ಸುದ್ದಿ

2014ರ ನವೆಂಬರ್. ನಾರ್ವೆ ದೇಶದಲ್ಲಿ ಮಧ್ಯಾಹ್ನ ಕಳೆಯುತ್ತಿದ್ದಂತೆಯೇ ಕತ್ತಲು ಕವಿಯುವ ತಿಂಗಳು. ರಾಜಧಾನಿ ಓಸ್ಲೋದ ರಾಬರ್ಟ್ ಸ್ಟೀನ್ ಮತ್ತು ಅವರ ಪತ್ನಿ ತಮ್ಮ 25 ವರ್ಷದ ಮಗ ಮ್ಯಾಟ್ಸ್‌ನನ್ನು ಕಳೆದುಕೊಂಡಿದ್ದರು. ಬಂಧುಗಳಿಗೆ ತಿಳಿಸಿದ್ದಾಗಿತ್ತು. ಮಗನ ಗೆಳೆಯರಿಗೆ ತಿಳಿಸೋಣವೆಂದರೆ, ತಂದೆತಾಯಿಗೆ ಗೊತ್ತಿದ್ದ ಮಟ್ಟಿಗೆ ಅವನಿಗೆ ಗೆಳೆಯರೆಂದು ಹೇಳಿಕೊಳ್ಳುವಂಥವರು ಇರಲೇ ಇಲ್ಲ. ಬದುಕಿನ ಕೊನೆಯ ಹತ್ತು ವರ್ಷಗಳನ್ನು ಅವನು ಬಹುಪಾಲು ಒಂದೇ ಕೋಣೆಯಲ್ಲಿ, ಗಾಲಿಕುರ್ಚಿಯಲ್ಲಿ, ಕಂಪ್ಯೂಟರ್ ಪರದೆಯ ಮುಂದೆ ಕಳೆದಿದ್ದ.

ಸಾಯುವುದಕ್ಕೆ ಮುಂಚೆ ಮ್ಯಾಟ್ಸ್ ಒಂದು ಕೆಲಸ ಮಾಡಿದ್ದ. ಅಂತರಜಾಲದಲ್ಲಿ ತಾನು ಬರೆಯುತ್ತಿದ್ದ ದಿನಚರಿಯ ಪಾಸ್‌ವರ್ಡನ್ನು ಅಪ್ಪನಿಗೆ ಸಿಗುವಂತೆ ಬಿಟ್ಟಿದ್ದ. ರಾಬರ್ಟ್ ಅದನ್ನು ಬಳಸಿ ಒಳಹೊಕ್ಕು ನಾಲ್ಕು ಸಾಲು ಬರೆದರು. ಮಗ ತೀರಿಕೊಂಡನೆಂದು ತಿಳಿಸಿ, ಯಾರಾದರೂ ಏನಾದರೂ ಹೇಳಬಯಸಿದರೆ ಇರಲೆಂದು ತಮ್ಮ ಇ-ಮೇಲ್ ವಿಳಾಸವನ್ನೂ ಕೊಟ್ಟರು.

ಮೊದಲು ಒಂದು ಪತ್ರ ಬಂತು. ಹಿಂದೆಯೇ ಇನ್ನೊಂದು. ಆಮೇಲೆ ನಿಲ್ಲಲೇ ಇಲ್ಲ. ಡೆನ್ಮಾರ್ಕ್, ಸ್ವೀಡನ್, ಫಿನ್‌ಲೆಂಡ್, ಹಾಲೆಂಡ್, ಇಂಗ್ಲೆಂಡ್! ಬರೆದವರಲ್ಲಿ ಅನೇಕರು ಅವನನ್ನು ಮ್ಯಾಟ್ಸ್ ಎನ್ನುತ್ತಿರಲಿಲ್ಲ, 'ಇಬೆಲಿನ್' ಎನ್ನುತ್ತಿದ್ದರು. ಒಂದೊಂದು ಪತ್ರವೂ ಹತ್ತಿರದವರು ಸತ್ತಾಗ ಮಾತ್ರ ಬರೆಯುವಂಥದ್ದು. ಅವನಿಲ್ಲದಿದ್ದರೆ ತಮ್ಮ ಕಷ್ಟಕಾಲ ಹೇಗೆ ಕಳೆಯುತ್ತಿತ್ತೋ ಎಂದು ಬರೆದವರಿದ್ದರು. ಮನೆಯೊಳಗೆ ಇಪ್ಪತ್ತೈದು ವರ್ಷ ಸಾಕಿದ ಮಗನ ಬಗ್ಗೆ, ಎಂದೂ ಮುಖ ಕಾಣದ ಜನರಿಂದ ತಂದೆತಾಯಿ ತಿಳಿದುಕೊಳ್ಳಬೇಕಾಗಿ ಬಂದಿತ್ತು.

ಕೂತಲ್ಲೇ ಓಡಿದವನು

ಮ್ಯಾಟ್ಸ್ ಸ್ಟೀನ್ ಹುಟ್ಟಿದ್ದು 1989ರ ಜುಲೈಯಲ್ಲಿ. ಮಗು ಆಗಾಗ ಮುಗ್ಗರಿಸಿ ಬೀಳುತ್ತಿತ್ತು. ಬಿದ್ದರೆ ಏಳುವುದು ಕಷ್ಟವಾಗುತ್ತಿತ್ತು. ನಾಲ್ಕು ವರ್ಷದ ಆಸುಪಾಸಿನಲ್ಲಿ ವೈದ್ಯರು ಕಾಯಿಲೆಯ ಹೆಸರು ಹೇಳಿದರು: ಡುಷೇನ್ ಮಸ್ಕ್ಯುಲರ್ ಡಿಸ್ಟ್ರೊಫಿ. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ನರರೋಗ ತಜ್ಞ ಡುಷೇನ್ ಅವರ ಹೆಸರು ಹೊತ್ತ ಈ ರೋಗ ವಂಶವಾಹಿಯ ದೋಷದಿಂದ ಬರುವಂಥದ್ದು. ಹೆಚ್ಚುಕಡಿಮೆ ಗಂಡುಮಕ್ಕಳನ್ನೇ ಕಾಡುತ್ತದೆ. ಸ್ನಾಯುಗಳನ್ನು ಗಟ್ಟಿಯಾಗಿ ಹಿಡಿದಿಡುವ ಡಿಸ್ಟ್ರೊಫಿನ್ ಎಂಬ ಪ್ರೊಟೀನ್ ದೇಹದಲ್ಲಿ ತಯಾರಾಗುವುದಿಲ್ಲ. ಮೊದಲು ಕಾಲು ಸೋಲುತ್ತದೆ, ಆಮೇಲೆ ಕೈ, ಕೊನೆಗೆ ಉಸಿರಾಟದ ಸ್ನಾಯುಗಳು ಮತ್ತು ಹೃದಯ. ಬುದ್ಧಿ, ಆಸೆ, ಸಿಟ್ಟು ಮಾತ್ರ ಎಲ್ಲ ಹುಡುಗರಿಗೂ ಇರುವಂತೆಯೇ ಇರುತ್ತವೆ. ಮಗ ಇಪ್ಪತ್ತು ದಾಟುವುದು ಕಷ್ಟವೆಂಬ ಮಾತನ್ನು ತಂದೆತಾಯಿ ಅಂದೇ ಎದೆಯಲ್ಲಿಟ್ಟುಕೊಂಡು ಬದುಕಬೇಕಾಯಿತು.

ಓರಗೆಯ ಹುಡುಗರು ಚೆಂಡಾಟಕ್ಕೆ ಓಡುವ ವಯಸ್ಸಿನಲ್ಲಿ ಮ್ಯಾಟ್ಸ್‌ಗೆ ಗಾಲಿಕುರ್ಚಿ ಬಂತು. ಅವನಿಗೆ ಸಿಕ್ಕ ಬಯಲೆಂದರೆ ಕಂಪ್ಯೂಟರ್ ಆಟಗಳು. ಮುಂದೆ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಆಟ ಸಿಕ್ಕಿತು. ಅಮೆರಿಕದ ಬ್ಲಿಝಾರ್ಡ್ ಕಂಪನಿ 2004ರಲ್ಲಿ ಹೊರತಂದ ಈ ಆಟದಲ್ಲಿ ಕಾಡು, ಬೆಟ್ಟ, ಸರೋವರ, ಕೋಟೆ, ಹೋಟೆಲು ಎಲ್ಲ ಇರುವ ದೊಡ್ಡದೊಂದು ಕಲ್ಪಿತ ಲೋಕವಿದೆ. ಬೇರೆ ಬೇರೆ ದೇಶಗಳಲ್ಲಿ ಕುಳಿತವರು ಒಂದೇ ಹೊತ್ತಿಗೆ ಅದರೊಳಗೆ ಓಡಾಡುತ್ತಾರೆ, ಎದುರು ಬದುರಾಗುತ್ತಾರೆ, ಕೀಲಿಮಣೆಯಲ್ಲಿ ಟೈಪ್ ಮಾಡಿ ಮಾತಾಡಿಕೊಳ್ಳುತ್ತಾರೆ. ಆಡುವವರು ಗುಂಪು ಕಟ್ಟಿಕೊಳ್ಳುವುದೂ ಉಂಟು. ಅದಕ್ಕೆ 'ಗಿಲ್ಡ್' ಎನ್ನುತ್ತಾರೆ. ಮ್ಯಾಟ್ಸ್ ಸೇರಿದ ಗುಂಪಿನ ಹೆಸರು 'ಸ್ಟಾರ್‌ಲೈಟ್'. ಸದಸ್ಯರು ಸುಮಾರು ಮೂವತ್ತು ಮಂದಿ.

ಆ ಗುಂಪಿನವರಿಗೆ ರಾಕ್ಷಸರನ್ನು ಕೊಂದು ಅಂಕ ಗಳಿಸುವುದು ಮುಖ್ಯವಾಗಿರಲಿಲ್ಲ. ಪ್ರತಿಯೊಬ್ಬರೂ ಒಂದು ಪಾತ್ರ ಧರಿಸಿ, ಆ ಪಾತ್ರವಾಗಿಯೇ ಮಾತಾಡಿ, ಕಥೆ ಬೆಳೆಸಿಕೊಂಡು ಹೋಗುವುದು ಅವರ ಆಟ. ಕರಾವಳಿಯ ತಾಳಮದ್ದಳೆ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿ ಕೂತಲ್ಲೇ ಕೂತು ಬರೀ ಮಾತಿನಿಂದ ಕರ್ಣನಾಗುತ್ತಾನೆ, ಎದುರಿಗಿದ್ದವನ ಮಾತಿಗೆ ತಕ್ಕ ಹಾಗೆ ಆ ಕ್ಷಣಕ್ಕೆ ಹೊಳೆದ ಮಾತು ಸೇರಿಸುತ್ತಾನೆ. ಹಾಗೆಯೇ ಕೈಬೆರಳಷ್ಟೇ ಆಡಿಸಬಲ್ಲ ಮ್ಯಾಟ್ಸ್ ಕೂತಲ್ಲೇ 'ಇಬೆಲಿನ್ ರೆಡ್‌ಮೂರ್' ಆದ. ಹುರಿಗಟ್ಟಿದ ಮೈಯ, ಉದ್ದ ಕೂದಲಿನ ಪತ್ತೇದಾರ. ದಿನವೂ ಆಟ ಪ್ರವೇಶಿಸಿದ ಮೇಲೆ ಇಬೆಲಿನ್ ಮೊದಲು ಮಾಡುತ್ತಿದ್ದ ಕೆಲಸ ಸುಮಾರು ಅರ್ಧ ಗಂಟೆ ಓಡುವುದು. ಕಾಡಿನ ದಾರಿಯಲ್ಲಿ, ಊರಿನ ಬೀದಿಯಲ್ಲಿ, ಸುಮ್ಮನೆ, ಯಾವ ಶತ್ರುವೂ ಬೆನ್ನಟ್ಟದೆ.

ಕೊನೆಯ ಹತ್ತು ವರ್ಷಗಳಲ್ಲಿ ಅವನು ಹೀಗೆ ಆಟದಲ್ಲಿ ಕಳೆದ ಸಮಯ 15,000ದಿಂದ 20,000 ಗಂಟೆ ಎಂದು ಲೆಕ್ಕ. ವಾರಕ್ಕೆ 40 ಗಂಟೆ ದುಡಿಯುವ ನೌಕರ 20,000 ಗಂಟೆ ತುಂಬಿಸಲು ಸುಮಾರು ಹತ್ತು ವರ್ಷ ಬೇಕು.

ರಾತ್ರಿ ಹತ್ತರ ಜಗಳ

ಈ ಅಂಕಿಯನ್ನು ಕೇಳಿ ಯಾವ ತಂದೆತಾಯಿಯ ಎದೆಯೂ ಝಲ್ಲೆನ್ನದೆ ಇರದು. ಸ್ಟೀನ್ ದಂಪತಿಗೂ ಹಾಗೇ ಆಗಿತ್ತು. ಹಗಲು ಹೊತ್ತು ಆಡಲಿ, ರಾತ್ರಿ ಮಲಗಬೇಡವೇ? ರಾತ್ರಿ ಹತ್ತು ಗಂಟೆಗೆ ಅವನನ್ನು ಮಲಗಿಸಲು ಸಹಾಯಕರು ಬರುತ್ತಿದ್ದರು. ಆಟದ ಲೋಕದಲ್ಲಾದರೋ ಸಂಜೆ ಕಳೆದ ಮೇಲೆಯೇ ಜಾತ್ರೆ ಸೇರುವುದು. ಕೆಲಸ, ಶಾಲೆ, ಅಡುಗೆ ಮುಗಿಸಿ ಎಲ್ಲರೂ ಕೂಡುವ ಹೊತ್ತದು. ಇದನ್ನು ತಿಳಿಯದೆ, ಹೊತ್ತಿಗೆ ಸರಿಯಾಗಿ ಮಲಗಬೇಕೆಂದು ತಾವು ವಾದಿಸುತ್ತಿದ್ದೆವೆಂದು ರಾಬರ್ಟ್ ಮುಂದೆ ಬಹಿರಂಗವಾಗಿಯೇ ಹೇಳಿಕೊಂಡರು. ಇವರೇನು ಲೋಕ ಕಾಣದವರಲ್ಲ. ಓಸ್ಲೋ ನಗರಾಡಳಿತದಲ್ಲಿ ಹಣಕಾಸು, ಆರೋಗ್ಯ ಖಾತೆಗಳನ್ನು ಮುಂದೆ ನಿಭಾಯಿಸಿದವರು. ಆದರೂ ಅದು ಗೆಲ್ಲಲಿಕ್ಕೆಂದು ಆಡುವ ಬರೀ ಆಟವೆಂದೇ ಅವರು ತಿಳಿದಿದ್ದರು. ಮಗ ಏನನ್ನೂ ಬಚ್ಚಿಟ್ಟಿರಲಿಲ್ಲ. ಅವನು ಅವರ ಹೆಸರುಗಳನ್ನು ಹೇಳುತ್ತಿದ್ದ. ಇವರಿಗೆ ಅವು ಪರದೆಯ ಮೇಲಿನ ಗೊಂಬೆಗಳ ಹೆಸರಾಗಿ ಕೇಳಿಸುತ್ತಿದ್ದವು.

ಅತ್ತ ಗೆಳೆಯರಿಗೂ ಅರ್ಧ ಮಾತ್ರ ಗೊತ್ತಿತ್ತು. ಗಾಲಿಕುರ್ಚಿಯ ವಿಷಯವನ್ನು ಮ್ಯಾಟ್ಸ್ ವರ್ಷಗಟ್ಟಲೆ ಹೇಳಲಿಲ್ಲ. ಮುಖಾಮುಖಿ ಸೇರೋಣ ಬಾ ಎಂದು ಗುಂಪಿನವರು ಕರೆದಾಗ ಹೋಗಲಿಲ್ಲ. ಧ್ವನಿಯಲ್ಲಿ ಮಾತಾಡೋಣವೆಂದರೂ ಹಿಂಜರಿದ. ಅಯ್ಯೋ ಪಾಪ ಎನ್ನಿಸಿಕೊಳ್ಳದೆ ಬದುಕಲು ಸಿಕ್ಕಿದ್ದ ಒಂದೇ ಜಾಗ ಅದು. ಅದನ್ನು ಕಳೆದುಕೊಳ್ಳಲು ಯಾರಿಗೆ ತಾನೇ ಮನಸ್ಸಾದೀತು?

ಆ ಗುಂಪಿನಲ್ಲಿ ಹಾಲೆಂಡಿನ ಹುಡುಗಿಯೊಬ್ಬಳಿದ್ದಳು. ಪರಿಚಯವಾದಾಗ ಇಬ್ಬರದೂ ಹದಿಹರೆಯ. ಇಬೆಲಿನ್‌ನ ತಲೆಯ ಮೇಲಿನ ಟೋಪಿ ಕಸಿದುಕೊಂಡು ಓಡಿದ್ದೇ ಅವಳು ಮಾಡಿದ ಮೊದಲ ಪರಿಚಯ. ಮುಂದೆ ಅವಳ ತಂದೆತಾಯಿ ಮಗಳು ಓದು ಬಿಟ್ಟು ಆಟಕ್ಕೆ ಬಿದ್ದಳೆಂದು ಕಂಪ್ಯೂಟರನ್ನು ಕಿತ್ತುಕೊಂಡರು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಪರೀಕ್ಷೆಯ ಕಾಲಕ್ಕೆ ಆಗುವಂಥದ್ದೇ. ಆಗ ಮ್ಯಾಟ್ಸ್ ಆ ತಂದೆತಾಯಿಗೆ ಒಂದು ಪತ್ರ ಬರೆದ. ಆಟದ ಗೆಳೆತನ ಅವಳಿಗೆ ಯಾಕೆ ಮುಖ್ಯವೆಂದು ದೊಡ್ಡವರಿಗೆ ತಿಳಿಯುವಂತೆ ವಿವರಿಸಿದ. ಖಿನ್ನತೆಯ ದಿನಗಳಲ್ಲಿ ತನ್ನನ್ನು ಹಿಡಿದು ನಿಲ್ಲಿಸಿದವನು ಅವನೆಂದು ಆಕೆ ಮುಂದೆ ಹೇಳಿದಳು.

ಡೆನ್ಮಾರ್ಕಿನ ತಾಯಿಯೊಬ್ಬಳದು ಇನ್ನೊಂದು ಕಥೆ. ಆಕೆಯ ಮಗನಿಗೆ ಆಟಿಸಂ. ಒಂದೇ ಮನೆಯಲ್ಲಿದ್ದರೂ ತಾಯಿ ಮಗನ ನಡುವೆ ಮಾತು ಹರಿಯುತ್ತಿರಲಿಲ್ಲ. ಮೈ ಮುಟ್ಟಿದರೆ ಅವನಿಗೆ ಹಿಂಸೆ. ಮಗನನ್ನೂ ಆಟಕ್ಕೆ ಕರೆತಂದು, ಅಲ್ಲಿ ಅವನ ಜೊತೆ ಮಾತಾಡಿ ನೋಡು ಎಂದು ಸಲಹೆ ಕೊಟ್ಟವನು ಮ್ಯಾಟ್ಸ್. ಆಟದೊಳಗೆ ಮಗನ ಪಾತ್ರ ತಾಯಿಯ ಪಾತ್ರವನ್ನು ಅಪ್ಪಿಕೊಂಡಿತು. ಆ ಅಪ್ಪುಗೆ ಕೋಣೆಯ ಗೋಡೆ ದಾಟಿ ನಿಜದ ಅಪ್ಪುಗೆಯಾಗಲು ಆಮೇಲೆ ಬಹಳ ಕಾಲ ಬೇಕಾಗಲಿಲ್ಲ.

ಹಾಗೆಂದು ಇಬೆಲಿನ್ ದೇವರಂಥವನೇನೂ ಅಲ್ಲ. ಹುಡುಗಿಯರ ಹಿಂದೆ ಸುತ್ತುವ ಚಟವಿತ್ತು. ಕಾಯಿಲೆ ಬಲಿತ ಕಾಲದಲ್ಲಿ ಮಾತು ಒರಟಾಯಿತು. ಹತ್ತಿರದವರನ್ನೇ ನೋಯಿಸಿ ದೂರ ಮಾಡಿಕೊಂಡ. ಗುಂಪಿನವರು ಕೂಡಿಸಿಕೊಂಡು ಬುದ್ಧಿ ಹೇಳಿದ್ದೂ ಉಂಟು. 2013ರ ಹೊತ್ತಿಗೆ, ತಾನು ಯಾರು, ತನ್ನ ಮೈಗೆ ಏನಾಗಿದೆ ಎಂಬುದನ್ನು ಮೊದಲು ಹತ್ತಿರದ ಒಬ್ಬಿಬ್ಬರಿಗೆ, ಆಮೇಲೆ ದಿನಚರಿಯ ಮೂಲಕ ಎಲ್ಲರಿಗೂ ಹೇಳಿಕೊಂಡ. ಅದನ್ನು ಓದಿ ಯಾರೂ ಬಿಟ್ಟುಹೋಗಲಿಲ್ಲ. ಮುನಿಸಿಕೊಂಡವರು ಮರಳಿ ಬಂದರು. ಅವನು ಆಸ್ಪತ್ರೆ ಸೇರಿದ ದಿನಗಳಲ್ಲಿ ಪರದೆಯ ಮೇಲೆ ಇಬೆಲಿನ್ ಕಾಣದಿದ್ದರೆ ಹತ್ತು ಊರುಗಳಲ್ಲಿ ಆತಂಕವಾಗುತ್ತಿತ್ತು. 2014ರ ನವೆಂಬರ್ 18ರಂದು ಅವನು ತೀರಿಕೊಂಡ.

ಹೆಗಲು ಕೊಡುವವರು ಯಾರು?

ನಮ್ಮ ಕಡೆ ಸಾವಿನ ಮನೆಗೆ ಹೋದವರು ಹೊರಡುವಾಗ 'ಹೋಗಿ ಬರುತ್ತೇನೆ' ಎನ್ನುವುದಿಲ್ಲ. ಸದ್ದಿಲ್ಲದೆ ಎದ್ದು ಹೊರಡುತ್ತಾರೆ. ಮುಖ ನೋಡಲು ಹೋಗುವುದು, ಹೆಗಲು ಕೊಡುವುದು, ಮನೆಯವರ ಕೈಗೆ ಒಂದು ಲೋಟ ಕಾಫಿ ಹಿಡಿಸುವುದು, ಹನ್ನೊಂದನೆಯ ದಿನ, ವೈಕುಂಠ ಸಮಾರಾಧನೆ, ಹೀಗೆ ದುಃಖಕ್ಕೆ ಒಂದು ದಾರಿ ಹಿರಿಯರು ಹಾಕಿಟ್ಟಿದ್ದಾರೆ. ಸತ್ತವನ ಮನೆ ಯಾವ ಊರಿನಲ್ಲಿದೆಯೆಂದೇ ತಿಳಿಯದಿದ್ದರೆ? ಅವನ ನಿಜವಾದ ಹೆಸರು ಮೊನ್ನೆ ಮೊನ್ನೆಯಷ್ಟೇ ಗೊತ್ತಾಗಿದ್ದರೆ? 'ಯಾರಮ್ಮಾ ತೀರಿಕೊಂಡದ್ದು' ಎಂದು ಪಕ್ಕದವರು ಕೇಳಿದಾಗ 'ನನ್ನ ಜೊತೆ ಆಟ ಆಡುತ್ತಿದ್ದವನು' ಎಂದರೆ ಎಷ್ಟು ಜನ ಆ ದುಃಖಕ್ಕೆ ಬೆಲೆ ಕೊಟ್ಟಾರು? ಅಂತರಜಾಲದ ಗೆಳೆತನಗಳಲ್ಲಿ ಶೋಕ ಮಾಡುವವರ ಕಷ್ಟ ಇಲ್ಲೇ ಇರುವುದು. ಅಳುವುದಕ್ಕೂ ಒಂದು ಸಂಬಂಧದ ಹೆಸರು ಬೇಕಾಗುತ್ತದೆ.

ಸ್ಟಾರ್‌ಲೈಟ್‌ನವರು ತಮ್ಮ ದಾರಿಯನ್ನು ತಾವೇ ಹುಡುಕಿಕೊಂಡರು. ಖರ್ಚು ಭರಿಸಲಾಗದವರೂ ಓಸ್ಲೋಗೆ ಹೋಗಿಬರಲೆಂದು ತಮ್ಮೊಳಗೇ ಹಣ ಕೂಡಿಸಿದರು. ಡೆನ್ಮಾರ್ಕ್, ಫಿನ್‌ಲೆಂಡ್, ಹಾಲೆಂಡ್, ಇಂಗ್ಲೆಂಡುಗಳಿಂದ ಕೆಲವರು ಅಂತ್ಯಕ್ರಿಯೆಗೆ ಬಂದರು. ಶವಪೆಟ್ಟಿಗೆಯ ಮೇಲೆ ಅವರ ಗುಂಪಿನ ಬಾವುಟ ಹೊದಿಸಿತ್ತು. ಬಂದವರಲ್ಲಿ ಒಬ್ಬರು ಎದ್ದುನಿಂತು, ಇದೇ ಹೊತ್ತಿಗೆ ಎಲ್ಲೆಲ್ಲಿ ಮೇಣದಬತ್ತಿ ಉರಿಯುತ್ತಿದೆ, ಯಾರು ಯಾರು ನೆನೆಯುತ್ತಿದ್ದಾರೆ ಎಂದು ಹೇಳಿದರು. ಐರ್ಲೆಂಡಿನ ಒಂದು ಕಾಲ್ ಸೆಂಟರ್, ಸ್ವೀಡನ್ನಿನ ಒಂದು ಗ್ರಂಥಾಲಯ, ಫಿನ್‌ಲೆಂಡಿನ ಒಂದು ಪುಟ್ಟ ಬ್ಯೂಟಿ ಪಾರ್ಲರ್, ಡೆನ್ಮಾರ್ಕಿನ ಒಂದು ನಗರಸಭೆಯ ಕಚೇರಿ. ಬರಲಾಗದವರು ತಾವು ಕೆಲಸ ಮಾಡುವ ಜಾಗದಲ್ಲೇ ಅವನನ್ನು ನೆನೆಯುತ್ತಿದ್ದರು.

ಅಂತರಜಾಲದ ಮಟ್ಟಿಗೆ ಇದು ಹೊಸ ಸಂಗತಿಯಲ್ಲ. ಟೆಲಿಫೋನ್ ತಂತಿಗೆ ಮೋಡೆಮ್ ಜೋಡಿಸಿ ಕಂಪ್ಯೂಟರುಗಳು ಮಾತಾಡುತ್ತಿದ್ದ 1985ರಲ್ಲೇ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದಲ್ಲಿ 'ದಿ ವೆಲ್' ಎಂಬ ಹರಟೆಕಟ್ಟೆ ಶುರುವಾಗಿತ್ತು. ಅದನ್ನು ಸ್ಥಾಪಿಸಿದವರಲ್ಲಿ ಒಬ್ಬರು ಲ್ಯಾರಿ ಬ್ರಿಲಿಯಂಟ್, 1970ರ ದಶಕದಲ್ಲಿ ಭಾರತದಲ್ಲಿ ಸಿಡುಬು ನಿರ್ಮೂಲನದ ಕೆಲಸ ಮಾಡಿದ ಅದೇ ವೈದ್ಯರು. ಆ ಕಟ್ಟೆಯ ಹಳೆಯ ಸದಸ್ಯ, ಜಗಳಗಂಟನೆಂದೂ ಹೆಸರಾಗಿದ್ದ ಟಾಮ್ ಮ್ಯಾಂಡೆಲ್‌ಗೆ ಶ್ವಾಸಕೋಶದ ಕ್ಯಾನ್ಸರ್ ಬಂದಾಗ, ಆತ ಅದನ್ನು ಅಲ್ಲೇ ಎಲ್ಲರ ಮುಂದೆ ಹೇಳಿ, ಕೊನೆಯ ದಿನಗಳಲ್ಲಿ ಅಲ್ಲೇ ಬೀಳ್ಕೊಂಡು, 1995ರ ಏಪ್ರಿಲ್‌ನಲ್ಲಿ ತೀರಿಕೊಂಡ. 2012ರ ಸೆಪ್ಟೆಂಬರ್ 11ರಂದು ಲಿಬಿಯಾದ ಬೆಂಗಾಜಿಯಲ್ಲಿ ಅಮೆರಿಕದ ರಾಜತಾಂತ್ರಿಕ ಕಚೇರಿಯ ಮೇಲೆ ನಡೆದ ದಾಳಿಯಲ್ಲಿ ಸತ್ತ ಶಾನ್ ಸ್ಮಿತ್ ಎಂಬ ಅಧಿಕಾರಿಯದೂ ಇಂಥದೇ ಕಥೆ. 'ಈವ್ ಆನ್‌ಲೈನ್' ಎಂಬ ಬಾಹ್ಯಾಕಾಶದ ಆಟದಲ್ಲಿ ಆತ 'ವೈಲ್ ರ‍್ಯಾಟ್' ಎಂದು ಹೆಸರುವಾಸಿ. ಅಲ್ಲೂ ಆತನದು ಸಂಧಾನಕಾರನ ಪಾತ್ರ. ಸುದ್ದಿ ಹಬ್ಬುತ್ತಿದ್ದಂತೆ ಜೊತೆಯವರು ಮಾತ್ರವಲ್ಲ, ಆಟದ ಎದುರಾಳಿಗಳೂ ತಮ್ಮ ಬಾಹ್ಯಾಕಾಶ ನಿಲ್ದಾಣಗಳಿಗೆ ಆತನ ಹೆಸರಿಟ್ಟರು.

ಹೀಗೆ ದೂರದ ಗೆಳೆಯರಿಗೆ ಸುದ್ದಿ ಮುಟ್ಟುವುದೇ ಎಷ್ಟೋ ಸಲ ಅದೃಷ್ಟದ ಮಾತು. ಮ್ಯಾಟ್ಸ್ ಪಾಸ್‌ವರ್ಡ್ ಬಿಡದೇ ಹೋಗಿದ್ದರೆ ಇಬೆಲಿನ್ ಒಂದು ದಿನ ಕಾಣೆಯಾದ ಎಂದಷ್ಟೇ ಅನೇಕರಿಗೆ ಗೊತ್ತಾಗುತ್ತಿತ್ತು. ಸ್ಟೀನ್ ದಂಪತಿಗಂತೂ ಏನೂ ತಿಳಿಯುತ್ತಿರಲಿಲ್ಲ. ಖಾತೆದಾರ ಬಹುಕಾಲ ಬಾರದಿದ್ದರೆ ಅವನು ಹೆಸರಿಸಿದವರಿಗೆ ವಿಷಯ ತಲುಪಿಸುವ ಏರ್ಪಾಟನ್ನು ಗೂಗಲ್ 2013ರಲ್ಲಿ ತಂದಿತು. ತನ್ನ ನಂತರ ಖಾತೆ ನೋಡಿಕೊಳ್ಳುವವರನ್ನು ಹೆಸರಿಸುವ ಅವಕಾಶವನ್ನು ಫೇಸ್‌ಬುಕ್ 2015ರಲ್ಲಿ ಕೊಟ್ಟಿತು. ಬ್ಯಾಂಕಿನ ಪಾಸ್‌ಬುಕ್ಕಿಗೆ ನಾಮಿನಿ ಹೆಸರು ಬರೆಸುವ ಮನೆಗಳಲ್ಲಿಯೂ ಈ ಕೆಲಸ ಮಾಡಿದವರು ಕಡಿಮೆ.

ಇನ್ನೊಂದು ಮಗ್ಗುಲು

ಈ ಕಥೆಯನ್ನು ಓದಿದ ವಿದ್ಯಾರ್ಥಿಯೊಬ್ಬ 'ನೋಡಿದೆಯಾ ಅಮ್ಮಾ' ಎಂದು ಮೊಬೈಲ್ ಹಿಡಿದು ಕೂರುವ ಸಾಧ್ಯತೆ ಇಲ್ಲದಿಲ್ಲ! ಹಾಗಾಗಿ ಒಂದು ಮಾತು. ಮ್ಯಾಟ್ಸ್‌ಗೆ ಬೇರೆ ಬಯಲಿರಲಿಲ್ಲ. ಕಾಲು ಗಟ್ಟಿಯಿರುವ ಹುಡುಗ ಬಯಲು ಬಿಟ್ಟು ಕೋಣೆ ಸೇರುವುದು ಬೇರೆ ವಿಷಯ. ಆಟದ ಗೀಳು ಓದು, ನಿದ್ದೆ, ಊಟ, ಸಂಬಂಧಗಳನ್ನು ನುಂಗುವ ಮಟ್ಟಕ್ಕೆ ಬೆಳೆದರೆ ಅದೊಂದು ಕಾಯಿಲೆಯೇ ಎಂದು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯ ಹನ್ನೊಂದನೆಯ ಆವೃತ್ತಿಯಲ್ಲಿ ಸೇರಿಸಿದೆ. 2022ರಿಂದ ಅದು ಜಾರಿಯಲ್ಲಿದೆ. ಇಂಥವರ ನೆರವಿಗೆಂದೇ ಬೆಂಗಳೂರಿನ ನಿಮ್ಹಾನ್ಸ್ 'ಶಟ್' ಎಂಬ ಚಿಕಿತ್ಸಾಲಯ ತೆರೆದದ್ದು, ಕಾಕತಾಳೀಯವೆಂಬಂತೆ, ಮ್ಯಾಟ್ಸ್ ತೀರಿಕೊಂಡ 2014ರಲ್ಲೇ. ಗಂಟೆಗಳ ಲೆಕ್ಕವೊಂದನ್ನೇ ಹಿಡಿದರೆ ಮ್ಯಾಟ್ಸ್‌ನನ್ನೂ ಅಂಥ ಚಿಕಿತ್ಸಾಲಯಕ್ಕೆ ಕರೆದೊಯ್ಯಬೇಕಾಗುತ್ತಿತ್ತು. ಆ ಗಂಟೆಗಳಲ್ಲಿ ಏನು ನಡೆಯುತ್ತದೆ, ಯಾರ ಜೊತೆ ನಡೆಯುತ್ತದೆ ಎಂದು ನೋಡಬೇಕಾದರೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರಬೇಕು. ಬೇಸರದ ಕೆಲಸವೇ ಸರಿ. ಪರದೆಯ ಮೇಲೆ ಅರ್ಧ ಗಂಟೆ ಸುಮ್ಮನೆ ಓಡುವ ಗೊಂಬೆಯನ್ನು ಎಷ್ಟು ಹೊತ್ತೆಂದು ನೋಡುವುದು?

ಗುಂಪಿನ ಮಾತುಕತೆಗಳು ಅಳಿಯದೆ ಉಳಿದಿದ್ದವು, ಅಚ್ಚು ಹಾಕಿದರೆ ಸುಮಾರು 42,000 ಪುಟ. ಅದನ್ನೂ ಮನೆಯ ಹಳೆಯ ವಿಡಿಯೋಗಳನ್ನೂ ಆಧರಿಸಿ ನಾರ್ವೆಯ ನಿರ್ದೇಶಕ ಬೆಂಜಮಿನ್ ರೀ ಒಂದು ಸಾಕ್ಷ್ಯಚಿತ್ರ ಮಾಡಿದರು. ಮಾತು ಮಾತು ಜೋಡಿಸಿ, ಅನಿಮೇಷನ್ನಿನಲ್ಲಿ ಇಬೆಲಿನ್‌ನನ್ನು ಮತ್ತೆ ನಡೆಸಿ, ನಗಿಸಿ, ಓಡಿಸಿದರು. 2024ರ ಜನವರಿಯಲ್ಲಿ ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಅದಕ್ಕೆ ಪ್ರೇಕ್ಷಕರ ಪ್ರಶಸ್ತಿ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ನೆಟ್‌ಫ್ಲಿಕ್ಸ್ ಮೂಲಕ ಲೋಕವೆಲ್ಲ ನೋಡಿತು. ಬ್ಲಿಝಾರ್ಡ್ ಕಂಪನಿ ಆಟದೊಳಗೆ 'ರೆವೆನ್' ಎಂಬ ಪುಟ್ಟ ನರಿಯೊಂದನ್ನು ಮಾರಾಟಕ್ಕಿಟ್ಟು, ಬಂದ ಹಣವನ್ನು ಡುಷೇನ್ ರೋಗದ ಸಂಶೋಧನೆಗೆ ನೆರವಾಗುವ ಸಂಸ್ಥೆಗೆ ಕೊಟ್ಟಿತು.

ಸ್ಟಾರ್‌ಲೈಟ್‌ನವರಿಗೆ ಈ ಗದ್ದಲವೆಲ್ಲ ಆಮೇಲೆ ಬಂದದ್ದು. ಅವರು ತಮ್ಮ ನೆನಪಿನ ದಿನವನ್ನು ಅದಕ್ಕೆ ಎಷ್ಟೋ ಮುಂಚೆ, ಯಾರೂ ಅವರತ್ತ ನೋಡದಿದ್ದ ಕಾಲದಲ್ಲೇ ಶುರುಮಾಡಿಕೊಂಡಿದ್ದರು. ವರ್ಷಕ್ಕೊಮ್ಮೆ ಗೊತ್ತುಮಾಡಿದ ಹೊತ್ತಿಗೆ ಬೇರೆ ಬೇರೆ ದೇಶಗಳಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಆಟದ ಲೋಕದಲ್ಲಿ ಸೇರುವುದು, ಅವನನ್ನು ನೆನೆಯುವುದು. ಭಾಷಣ ಮುಖ್ಯವಲ್ಲ. ಇಬೆಲಿನ್ ಎಲ್ಲಕ್ಕಿಂತ ಮೊದಲು ಓಟಗಾರ ಎಂಬುದು ಗುಂಪಿನ ಮುಂದಾಳುವಿನ ಮಾತು. ಅವನಿಗೆ ಓಡುವುದು ಬೇಕಿತ್ತು, ಜೊತೆಗೆ ಓಡುವವರೂ ಬೇಕಿದ್ದರು. ಆದ್ದರಿಂದ ಆ ದಿನ ಎಲ್ಲರೂ ಕೂಡಿ ಓಡುತ್ತಾರೆ.